ಲಿಫ್ಟ್ ಮಾಡಿದ ಜಿಪ್ಸಿ, ಜಿಮ್ನಿಯ ಸ್ಟೀರಿಂಗ್ ದೋಷ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

ಲಿಫ್ಟ್ ಕಿಟ್ (ಗಾಡಿಯ ಎತ್ತರ ಹೆಚ್ಚಿಸುವ ಸಾಮಾನು) ಹಾಕಿಸಿದ ಮೇಲೆ ಗಾಡಿ ನೆಟ್ಟಗೆ ಹೋಗುವುದಿಲ್ಲ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಒಂದು ಗುಂಡಿ ಹಾರಿದರೆ ಸಾಕು ಮುಂಭಾಗವೆಲ್ಲ ಗಡಗಡ ನಡುಗುತ್ತದೆ. ಈ ದೂರುಗಳಿಗೆ ಬಹುಪಾಲು ಜನ ಹಿಡಿಯುವ ದಾರಿ ಒಂದೇ: ಮೊದಲು ವೀಲ್ ಅಲೈನ್‌ಮೆಂಟ್, ಅದು ಫಲ ಕೊಡದಿದ್ದರೆ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ನಡುಕ ಹೀರುವ ಶಾಕ್ ಅಬ್ಸಾರ್ಬರ್), ಅದೂ ಆಗದಿದ್ದರೆ ಟೈರ್ ಬದಲಾವಣೆ. ಹೀಗೆ ಹಣ ಸುರಿದ ಮೇಲೂ ದೋಷ ಹಾಗೇ ಉಳಿಯುವುದಕ್ಕೆ ಕಾರಣ ಕ್ರಮ ತಪ್ಪಿರುವುದು. ಸವೆದ ಬುಷ್ (ಕೀಲಿನೊಳಗಿನ ರಬ್ಬರ್ ಕೊಳವೆ) ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಗ್ಯಾರೇಜಿನ ಗೇಟು ದಾಟುವಷ್ಟರಲ್ಲೇ ಬದಲಾಗಿರುತ್ತದೆ. ಡ್ಯಾಂಪರ್ ದೋಷವನ್ನು ಮುಚ್ಚಿಡುತ್ತದೆ, ಸರಿಪಡಿಸುವುದಿಲ್ಲ.

ಸರಿಯಾದ ಕ್ರಮ ಇದು: ಮೊದಲು ಟೈರ್ ಮತ್ತು ರಿಮ್, ಆಮೇಲೆ ಸಡಿಲವಾದ ಕೀಲುಗಳು, ಆಮೇಲೆ ಆಕ್ಸಲ್ ನಡುವಿಗೆ ತರುವುದು, ಆಮೇಲೆ ಕೋನಗಳು, ಕೊನೆಗೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖಮಾಡಿರುವ ಅಳತೆ). ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಈ ಮಾರ್ಗದರ್ಶಿ ಇರುವುದು ಮುಂಭಾಗದಲ್ಲಿ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಗಾಡಿಗಳಿಗೆ. ಕಾಯಿಲ್ ಸ್ಪ್ರಿಂಗ್, ರೇಡಿಯಸ್ ಆರ್ಮ್ (ಆಕ್ಸಲನ್ನು ಷಾಸಿಗೆ ಉದ್ದಕ್ಕೆ ಹಿಡಿಯುವ ತೋಳು), ಪ್ಯಾನ್‌ಹಾರ್ಡ್ ರಾಡ್ (ಆಕ್ಸಲನ್ನು ಅಡ್ಡಕ್ಕೆ ಹಿಡಿಯುವ ರಾಡ್) ಇರುವ ಜಿಮ್ನಿ ಒಂದು ಬಗೆ; ಲೀಫ್ ಸ್ಪ್ರಿಂಗ್ ಇರುವ ಜಿಪ್ಸಿ ಇನ್ನೊಂದು ಬಗೆ. ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಎಂಎಂ540, ಎಂಎಂ550 ಜೀಪುಗಳಿಗೆ ಜಿಪ್ಸಿಯ ಮಾತುಗಳೇ ಬಹುಮಟ್ಟಿಗೆ ಅನ್ವಯಿಸುತ್ತವೆ. 2020ರಿಂದ ಬಂದ ಥಾರ್‌ನಲ್ಲಿ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್ ಆದ್ದರಿಂದ ಅದರ ಲೆಕ್ಕವೇ ಬೇರೆ. ಇಲ್ಲಿನ ಕ್ಯಾಸ್ಟರ್ (ಚಕ್ರ ಎಡ-ಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಪ್ಯಾನ್‌ಹಾರ್ಡ್ ಹಂತಗಳನ್ನು ಅದಕ್ಕೆ ಬಳಸಬೇಡಿ.

ದೂರನ್ನು ಸರಿಯಾಗಿ ಗುರುತಿಸಿ

"ಸ್ಟೀರಿಂಗ್ ಸರಿ ಇಲ್ಲ" ಎಂದರೆ ಮೆಕ್ಯಾನಿಕ್‌ಗೆ ಏನೂ ಹೇಳಿದಂತಾಗುವುದಿಲ್ಲ. ಯಾವ ವೇಗದಲ್ಲಿ, ಯಾವ ರಸ್ತೆಯಲ್ಲಿ, ಬ್ರೇಕ್ ಹಾಕಿದಾಗಲೋ ಹಾಕದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿ.

ನೇರ ರಸ್ತೆಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಸದಾ ತಿದ್ದುತ್ತಿರಬೇಕು ಎಂದರೆ ಕ್ಯಾಸ್ಟರ್ ಕಡಿಮೆಯಾಗಿದೆ, ಇಲ್ಲವೇ ಎಲ್ಲೋ ಪ್ಲೇ (ಕೀಲಿನ ಸಡಿಲ) ಇದೆ. ತಿರುವಿನ ನಂತರ ಸ್ಟೀರಿಂಗ್ ವಾಪಸ್ ಬರದಿದ್ದರೆ ಕ್ಯಾಸ್ಟರ್ ಜೊತೆಗೆ ಬಿಗಿಯಾದ ಕಿಂಗ್‌ಪಿನ್ (ಚಕ್ರ ಎಡ-ಬಲಕ್ಕೆ ತಿರುಗುವ ಕೀಲಿನ ಪಿನ್) ಮತ್ತು ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್‌ನ ಗೇರ್‌ಗಳಿರುವ ಪೆಟ್ಟಿಗೆ) ಮೇಲೂ ಅನುಮಾನವಿರಲಿ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸ್ಟೀರಿಂಗ್ ಕೈಯಲ್ಲೇ ತಿರುಗಿದರೆ ಅದು ಬಂಪ್ ಸ್ಟಿಯರ್, ಅಂದರೆ ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ರಾಡ್ ಆದ ಡ್ರ್ಯಾಗ್ ಲಿಂಕ್‌ನ ಕೋನದ ಸಮಸ್ಯೆ. ಗಾಡಿ ನೇರ ಹೋಗುತ್ತಿದ್ದರೂ ಸ್ಟೀರಿಂಗ್ ಚಕ್ರ ಸೊಟ್ಟಗಿದ್ದರೆ ಡ್ರ್ಯಾಗ್ ಲಿಂಕ್‌ನ ಉದ್ದ ಹೊಂದಿಸಿಲ್ಲ ಎಂದರ್ಥ. 50ರಿಂದ 80 ಕಿಮೀ ವೇಗದಲ್ಲಿ ಒಂದು ಗುಂಡಿ ಸಿಕ್ಕ ಮೇಲೆ ಶುರುವಾಗಿ, ವೇಗ ಇಳಿಸುವವರೆಗೂ ನಿಲ್ಲದ ಗಡಗಡ ನಡುಕಕ್ಕೆ ಮಾತ್ರ ಒಂದೇ ಕಾರಣ ಇರುವುದು ಅಪರೂಪ. ಎರಡು ಮೂರು ಕಡೆಯ ಸಣ್ಣ ಪ್ಲೇ ಸೇರಿಕೊಂಡಾಗ ಅದು ಬರುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಒಂದು ಬದಿಗೆ ಎಳೆದರೆ ಸ್ಟೀರಿಂಗ್ ಬಿಟ್ಟು ಕ್ಯಾಲಿಪರ್ ಮತ್ತು ಬ್ರೇಕ್ ಹೋಸ್ ನೋಡಿ. ಲಿಫ್ಟ್ ಆದ ಗಾಡಿಯಲ್ಲಿ ಹೋಸ್ ಬಿಗಿಯಾಗಿ ಎಳೆದುಕೊಂಡಿರುವುದು ಸಾಮಾನ್ಯ.

ಇನ್ನೊಂದು ಮಾತು. ಜಿಪ್ಸಿ, ಜಿಮ್ನಿ ಎರಡರಲ್ಲೂ ಇರುವುದು ಪಾರ್ಟ್ ಟೈಮ್ ಫೋರ್ ವೀಲ್. ಡಾಂಬರು ರಸ್ತೆಯಲ್ಲಿ 4ಎಚ್‌ನಲ್ಲೇ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ) ಓಡಿಸುತ್ತಿದ್ದರೆ ತಿರುವಿನಲ್ಲಿ ಸ್ಟೀರಿಂಗ್ ಭಾರವಾಗಿ ಜಗ್ಗುತ್ತದೆ. ಮೊದಲು 2ಎಚ್‌ಗೆ (ಎರಡೇ ಚಕ್ರಕ್ಕೆ) ಹಾಕಿ ನೋಡಿ. ಭಾರ ಹೋದರೆ ಬೇರೇನೂ ಬಿಚ್ಚಬೇಕಾಗಿಲ್ಲ.

ಬೇಕಾದ ಸಾಮಾನು

ಜ್ಯಾಕ್ ಮತ್ತು ಎರಡು ಜ್ಯಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಒಂದು ಮೀಟರ್ ಉದ್ದದ ಹಾರೆ, ದೊಡ್ಡ ಇಕ್ಕಳ, ಟೇಪ್, ಸೀಮೆಸುಣ್ಣ, ನೂಲಿನ ದಾರ, ಬಿಳಿ ಪೇಂಟ್ ಮಾರ್ಕರ್, ಹೊಸ ಸ್ಪ್ಲಿಟ್ ಪಿನ್‌ಗಳು. ಇದರ ಜೊತೆಗೆ ಎರಡು ಸಾಮಾನು ಖಂಡಿತ ಬೇಕು: ಮ್ಯಾಗ್ನೆಟ್ ಇರುವ ಡಿಜಿಟಲ್ ಆ್ಯಂಗಲ್ ಗೇಜ್, ಮತ್ತು ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ (5 ಕೆಜಿಯದು ಸಾಕು). ಸ್ಟೀರಿಂಗ್ ಅಲ್ಲಾಡಿಸಲು ಒಬ್ಬ ಸಹಾಯಕ ಇರಲಿ. ಕೆಲಸ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಡೆಯಬೇಕು. ಮಣ್ಣಿನ ಅಂಗಳದಲ್ಲಿ ಅಳೆದ ಕೋನಕ್ಕೆ ಬೆಲೆಯಿಲ್ಲ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ.

ಹಂತ 1: ಟೈರ್ ಮತ್ತು ರಿಮ್

ಕೆಸರಿನ ದಾರಿಯಿಂದ ಬಂದ ಗಾಡಿ ಹೈವೇಯಲ್ಲಿ ನಡುಗಿದರೆ ಮೊದಲು ರಿಮ್‌ನ ಒಳಬದಿ ತೊಳೆಯಿರಿ. ಒಣಗಿದ ಕೆಮ್ಮಣ್ಣು ಒಂದೇ ಕಡೆ ಅಂಟಿಕೊಂಡಿದ್ದರೆ ಬ್ಯಾಲೆನ್ಸ್ ಪೂರ್ತಿ ತಪ್ಪುತ್ತದೆ. ಹೊರಗಿನಿಂದ ಫಳಫಳ ಹೊಳೆಯುವ ಚಕ್ರದ ಹಿಂದೆಯೂ ಇದು ಅಡಗಿರುತ್ತದೆ. ಕೈ ಹಾಕಿ ತಡವಿ ನೋಡಿ.

ಆಮೇಲೆ ಗಾಳಿ. ಆಫ್‌ರೋಡ್‌ಗೆಂದು 18 ಪಿಎಸ್‌ಐಗೆ ಇಳಿಸಿ ಮತ್ತೆ ತುಂಬಲು ಮರೆತವರು, ಅಥವಾ ದೊಡ್ಡ ಟೈರ್ ಎಂದು 35–40 ತುಂಬಿದವರು, ಇಬ್ಬರ ಗಾಡಿಯೂ ಅಲೆಯುತ್ತದೆ. ಡ್ರೈವರ್ ಬದಿಯ ಬಾಗಿಲ ಹತ್ತಿರ ಅಂಟಿಸಿರುವ ಅಂಕಿಯಿಂದ ಶುರುಮಾಡಿ.

ಒಂದು ಬದಿಗೆ ಎಳೆತ ಇದ್ದರೆ ಮುಂದಿನ ಎರಡು ಟೈರುಗಳನ್ನು ಎಡ-ಬಲ ಅದಲು ಬದಲು ಮಾಡಿ. ಎಳೆತದ ದಿಕ್ಕು ಬದಲಾದರೆ ದೋಷ ಟೈರಿನದು. ತಿರುಗುವ ದಿಕ್ಕಿನ ಬಾಣ ಇರುವ ಟೈರುಗಳಾದರೆ ಪರೀಕ್ಷೆಗಷ್ಟೇ, ನಿಧಾನ ವೇಗದಲ್ಲಿ ಓಡಿಸಿ, ಕೂಡಲೇ ವಾಪಸ್ ಹಾಕಿ. ನಡುಕಕ್ಕೆ ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿ.

ಹೆಚ್ಚು ಹೊರಚಾಚಿದ ರಿಮ್ ಅಥವಾ ಸ್ಪೇಸರ್ ಹಾಕಿದ್ದರೆ ಅವನ್ನು ತೆಗೆದು, ಕಂಪನಿಯ ರಿಮ್‌ನಲ್ಲಿ ಒಮ್ಮೆ ಓಡಿಸಿ. ಚಕ್ರ ಹೊರಗೆ ಹೋದಷ್ಟೂ ರಸ್ತೆಯ ಪ್ರತಿ ಪೆಟ್ಟು ಕಿಂಗ್‌ಪಿನ್ ಸುತ್ತ ಹೆಚ್ಚು ಬಲದಿಂದ ತಿರುಚುತ್ತದೆ. ಸುಮ್ಮನಿದ್ದ ಸಣ್ಣ ಪ್ಲೇ ಆಗ ನಡುಕವಾಗುತ್ತದೆ. ವೀಲ್ ನಟ್‌ನ ತುದಿಯ ಆಕಾರ ರಿಮ್‌ನ ಕುಳಿಗೆ ಹೊಂದುತ್ತದೆಯೇ ನೋಡಿ. ಚಪ್ಪಟೆ ನಟ್ ಅನ್ನು ಕೋನ್ ಕುಳಿಗೆ ಹಾಕಿದರೆ ಚಕ್ರ ನಡುವಿಗೆ ಕೂರುವುದೇ ಇಲ್ಲ.

ಹಂತ 2: ಗಾಡಿ ನೆಲದ ಮೇಲಿರುವಾಗ ಪ್ಲೇ ಹುಡುಕುವುದು

ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಅರ್ಧಕ್ಕಿಂತ ಹೆಚ್ಚು ದೋಷಗಳು ಇಲ್ಲೇ ಸಿಗುತ್ತವೆ. ಆದರೂ ಇದನ್ನೇ ಹಾರಿಸಿ ಮುಂದೆ ಹೋಗುವವರು ಹೆಚ್ಚು.

ನಾಲ್ಕೂ ಚಕ್ರ ನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ನ್ಯೂಟ್ರಲ್‌ನಲ್ಲಿ ಚಾಲೂ ಇರಲಿ. ಸಹಾಯಕ ಸ್ಟೀರಿಂಗನ್ನು ಗಡಿಯಾರದ 10ರಿಂದ 2ರ ತನಕ ಬಿಡದೆ ಅತ್ತಿತ್ತ ಆಡಿಸುತ್ತಿರಲಿ. ನೀವು ಮುಂದಿನಿಂದ ಬಗ್ಗಿ ಒಂದೊಂದೇ ಕೀಲು ನೋಡಿ. ಲಿಂಕ್‌ಗಳ ನಡುವೆ ಬೆರಳು ಇಡಬೇಡಿ.

ನೋಡಬೇಕಾದ ಸಾಲು ಇದು: ಸ್ಟೀರಿಂಗ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್, ಸ್ಟೀರಿಂಗ್ ಬಾಕ್ಸ್‌ನ ಬೋಲ್ಟ್‌ಗಳು, ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬಂದು ಡ್ರ್ಯಾಗ್ ಲಿಂಕ್ ಆಡಿಸುವ ತೋಳು), ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಟೈರಾಡ್‌ನ (ಮುಂದಿನ ಎರಡೂ ಚಕ್ರ ಜೋಡಿಸುವ ರಾಡ್) ಎರಡು ತುದಿ, ಜಿಮ್ನಿಯಲ್ಲಿ ಪ್ಯಾನ್‌ಹಾರ್ಡ್ ರಾಡ್‌ನ ಎರಡು ತುದಿ, ಜಿಪ್ಸಿಯಲ್ಲಿ ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಷಾಸಿಗೆ ಸೇರಿಸುವ ಕೊಂಡಿ) ಮತ್ತು ಪ್ಲೇಟಿನ ಬುಷ್‌ಗಳು. ಚಲನೆ ಒಂದು ತುಂಡಿನಿಂದ ಮುಂದಿನ ತುಂಡಿಗೆ ತಡವಾಗಿ ದಾಟುವ ಜಾಗವೇ ಸವೆದ ಜಾಗ. ಟೈರಾಡ್ ತನ್ನ ಅಕ್ಷದ ಮೇಲೆ ಸ್ವಲ್ಪ ಉರುಳುವುದು ಸಹಜ. ತುದಿಯಲ್ಲಿ ಮೇಲೆ ಕೆಳಗೆ ಏಳುವುದು ಸಹಜವಲ್ಲ. ಅನುಮಾನ ಬಂದ ಟೈರಾಡ್ ಎಂಡ್ ಅನ್ನು ಸ್ಟೀರಿಂಗ್ ನಿಲ್ಲಿಸಿದ ಮೇಲೆ ದೊಡ್ಡ ಇಕ್ಕಳದಿಂದ ಒತ್ತಿ ನೋಡಿ, ಟಕ್ ಎಂದು ಕುಗ್ಗಿದರೆ ಬದಲಿಸಿ.

ಪ್ಯಾನ್‌ಹಾರ್ಡ್ ರಾಡ್‌ನ ಬೋಲ್ಟ್ ಹತ್ತಿರ ಕಣ್ಣಿಡಿ. ರಬ್ಬರ್ ಬುಷ್ ಸ್ವಲ್ಪ ಬಗ್ಗಿದರೆ ತೊಂದರೆ ಇಲ್ಲ. ಬೋಲ್ಟ್ ಬ್ರ್ಯಾಕೆಟ್‌ನ ತೂತಿನೊಳಗೆ ಜರುಗುತ್ತಿದ್ದರೆ, ಅದು ಅರ್ಧ ಮಿಮೀ ಆದರೂ, ಅದೇ ನಡುಕದ ಮೂಲ. ಬ್ರ್ಯಾಕೆಟ್ ಸುತ್ತ ಪೇಂಟ್ ಉಜ್ಜಿ ಹೋಗಿ ಲೋಹ ಹೊಳೆಯುತ್ತಿದ್ದರೆ ಅಥವಾ ಕಂದು ಪುಡಿ ಉದುರಿದ್ದರೆ ತೂತು ಅಂಡಾಕಾರವಾಗಿದೆ. ಹೊಸ ಬೋಲ್ಟ್ ಬಿಗಿದರೆ ಅದು ನಿಲ್ಲುವುದಿಲ್ಲ, ಬ್ರ್ಯಾಕೆಟನ್ನೇ ಸರಿಪಡಿಸಬೇಕು.

ಕೊನೆಗೆ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಪ್ಲೇ ಅಳೆಯಿರಿ. ಸುಜುಕಿಯ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 30 ಮಿಮೀ ಮೇಲ್ಮಿತಿ. ಬಿಡಿಭಾಗ ಬದಲಿಸುವ ಮೊದಲೂ ಆಮೇಲೂ ಈ ಅಳತೆ ಬರೆದಿಡಿ. ಬದಲಾವಣೆ ಫಲ ಕೊಟ್ಟಿತೇ ಇಲ್ಲವೇ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಹಂತ 3: ಜ್ಯಾಕ್ ಮೇಲೆ ವೀಲ್ ಬೇರಿಂಗ್ ಮತ್ತು ಕಿಂಗ್‌ಪಿನ್

ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಸಹಾಯಕನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ದೋಷ ವೀಲ್ ಬೇರಿಂಗ್‌ನದು. ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್‌ಪಿನ್ ಬೇರಿಂಗ್. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂತಿರುವುದು ನಕಲ್ (ಕಿಂಗ್‌ಪಿನ್ ಮೇಲೆ ತಿರುಗುವ, ಚಕ್ರ ಹೊತ್ತ ಭಾಗ) ಮೇಲೆ. ಆದ್ದರಿಂದ ಬ್ರೇಕ್ ಒತ್ತಿದಾಗ ಹಬ್ ಮತ್ತು ನಕಲ್ ಒಂದಾಗುತ್ತವೆ, ಉಳಿಯುವುದು ನಕಲ್ ಮತ್ತು ಆಕ್ಸಲ್ ನಡುವಿನ ಸಡಿಲ ಮಾತ್ರ. ಜಿಪ್ಸಿಯಲ್ಲಿ ವೀಲ್ ಬೇರಿಂಗ್ ಬದಲಿಸುವ ಮೊದಲು ಅದರ ಲಾಕ್‌ನಟ್ ಸಡಿಲವಾಗಿದೆಯೇ ನೋಡಿ.

ಕಿಂಗ್‌ಪಿನ್‌ಗೆ ಇನ್ನೂ ಒಂದು ಪರೀಕ್ಷೆ ಬೇಕು, ಪ್ಲೇ ಇಲ್ಲದಿದ್ದರೂ ಬೇಕು. ಟೈರಾಡ್ ಮತ್ತು ಡ್ರ್ಯಾಗ್ ಲಿಂಕ್ ಕಳಚಿ, ಚಕ್ರ ತೆಗೆದು, ನಕಲ್ ಅನ್ನು ಕೈಯಿಂದ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಎಲ್ಲ ಕಡೆ ಒಂದೇ ಸಮನಾದ ಹಿಡಿತ ಸಿಗಬೇಕು. ಸರಿಯಾಗಿ ನಡುವೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಸಿಕ್ಕಿಕೊಂಡರೆ ಬೇರಿಂಗ್‌ನ ಕಪ್ ಮೇಲೆ ಗುಳಿ ಬಿದ್ದಿದೆ. ಗಾಡಿ ಹೆಚ್ಚು ಹೊತ್ತು ನೇರ ಹೋಗುವುದರಿಂದ ರೋಲರ್‌ಗಳು ಅದೇ ಜಾಗದಲ್ಲಿ ಪೆಟ್ಟು ತಿನ್ನುತ್ತವೆ. ಇಂಥ ಗಾಡಿಯನ್ನು ಎಷ್ಟು ಸಲ ಅಲೈನ್ ಮಾಡಿಸಿದರೂ ಅಲೆಯುವುದು ನಿಲ್ಲುವುದಿಲ್ಲ, ಏಕೆಂದರೆ ಸಣ್ಣ ತಿದ್ದುಪಡಿಗೆ ಚಕ್ರ ಓಗೊಡದೆ, ಗುಳಿ ದಾಟಿದ ಕೂಡಲೇ ಬೇಕಿದ್ದಕ್ಕಿಂತ ಹೆಚ್ಚು ತಿರುಗಿಬಿಡುತ್ತದೆ.

ನಕಲ್ ಬೆರಳಿನ ತಳ್ಳಿಗೇ ತೂಗಾಡಿದರೆ ಪ್ರಿಲೋಡ್ (ಬೇರಿಂಗ್‌ಗೆ ಕೊಟ್ಟ ಬಿಗಿತ) ಹೋಗಿದೆ. ಅಳೆಯುವ ವಿಧಾನ: ಆಯಿಲ್ ಸೀಲ್ ತೆಗೆದು, ಟೈರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಆರ್ಮ್‌ಗೆ ಲಂಬವಾಗಿ ಎಳೆಯಿರಿ. ನಕಲ್ ಚಲಿಸಲು ಶುರುವಾಗುವ ಕ್ಷಣದ ತೂಕವೇ ಅಂಕಿ. ಜಿಪ್ಸಿಯ ಬಗೆಯ ಆಕ್ಸಲ್‌ಗೆ ಅದು ಸುಮಾರು 1ರಿಂದ 1.8 ಕೆಜಿ ಇರಬೇಕು. ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಅಂತಿಮ. ಕಡಿಮೆ ಇದ್ದರೆ ಕಿಂಗ್‌ಪಿನ್ ಕೆಳಗಿನ ಶಿಮ್ (ತೆಳು ಲೋಹದ ಬಿಲ್ಲೆ) ತೆಗೆಯಬೇಕು, ಹೆಚ್ಚಿದ್ದರೆ ಸೇರಿಸಬೇಕು. ಬಿಗಿಯಾದಷ್ಟೂ ಒಳ್ಳೆಯದೆಂದು ಎಲ್ಲ ಶಿಮ್ ತೆಗೆದುಬಿಡುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಹಾಗೆ ಮಾಡಿದರೆ ನಡುಕ ನಿಲ್ಲುತ್ತದೆ, ಆದರೆ ಸ್ಟೀರಿಂಗ್ ವಾಪಸ್ ಬರುವುದೂ ನಿಲ್ಲುತ್ತದೆ, ಬೇರಿಂಗ್ ಬೇಗ ಸಾಯುತ್ತದೆ.

ಬಿಚ್ಚುವಾಗ ಎಡ-ಬಲ, ಮೇಲೆ-ಕೆಳಗಿನ ಕಿಂಗ್‌ಪಿನ್ ಮತ್ತು ಶಿಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ. ಹೊಳೆ ದಾಟುವ ಗಾಡಿಗಳಲ್ಲಿ, ಮಳೆಗಾಲ ಮುಗಿದ ಮೇಲೆ, ಇದು ಸಾಮಾನ್ಯ. ಸೀಲ್ ಬದಲಿಸದೆ ಬೇರಿಂಗ್ ಮಾತ್ರ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕೆಲಸ.

ಹಂತ 4: ಸ್ಟೀರಿಂಗ್ ಶಾಫ್ಟ್ ಮತ್ತು ಬಾಕ್ಸ್

ಬಾಡಿ ಲಿಫ್ಟ್ ಆಗಿದ್ದರೆ ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಸ್ಪ್ರಿಂಗ್ ಲಿಫ್ಟ್‌ನಲ್ಲಿ ಬಾಕ್ಸ್ ಮತ್ತು ಬಾಡಿ ಒಟ್ಟಿಗೇ ಮೇಲೇಳುತ್ತವೆ. ಬಾಡಿ ಲಿಫ್ಟ್‌ನಲ್ಲಿ ಬಾಡಿ ಮಾತ್ರ ಏಳುವುದರಿಂದ ಶಾಫ್ಟ್ ಎಳೆದುಕೊಳ್ಳುತ್ತದೆ. ಶಾಫ್ಟ್‌ನ ಹಲ್ಲುಗಳು ಒಳಗೆ ಪೂರ್ತಿ ಕೂತಿವೆಯೇ, ಪಿಂಚ್ ಬೋಲ್ಟ್ ತನ್ನ ಕಚ್ಚಿನಲ್ಲೇ ಹಾದುಹೋಗಿದೆಯೇ ಖಚಿತಪಡಿಸಿಕೊಳ್ಳಿ. ಅನುಮಾನವಿದ್ದರೆ ಗಾಡಿ ರಸ್ತೆಗೆ ಇಳಿಸಬೇಡಿ.

ಕರಾವಳಿ, ಮಲೆನಾಡಿನ ಗಾಡಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದು ಒಂದು ದಿಕ್ಕಿನಲ್ಲಿ ಬಿಗಿಯಾಗುವುದುಂಟು. ಸ್ಟೀರಿಂಗ್ ತಿರುಗಿಸುವಾಗ ಪ್ರತಿ ಅರ್ಧ ಸುತ್ತಿಗೊಮ್ಮೆ ಭಾರ-ಹಗುರ, ಭಾರ-ಹಗುರ ಅನ್ನಿಸಿದರೆ ಅದೇ.

ಬಾಕ್ಸ್‌ನ ಪ್ಲೇ ಕಡಿಮೆ ಮಾಡುವ ಅಡ್ಜಸ್ಟರ್ ಸ್ಕ್ರೂ ಮುಟ್ಟುವುದು ಹಂತ 2 ಮತ್ತು 3 ಪೂರ್ತಿ ಮುಗಿದ ಮೇಲೆ ಮಾತ್ರ. ಡ್ರ್ಯಾಗ್ ಲಿಂಕ್ ಕಳಚಿ, ಬಾಕ್ಸ್ ನಡುವಿಗಿಟ್ಟು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಡುವಿನಲ್ಲಿ ಬಿಗಿತ ಬರುತ್ತಿದೆಯೇ ಕೈಯಲ್ಲಿ ನೋಡುತ್ತಾ ಹೋಗಿ. ಬಿಗಿ ಹೆಚ್ಚಾದರೆ ಸ್ಟೀರಿಂಗ್ ನಡುವಿನಲ್ಲೇ ಅಂಟಿಕೊಳ್ಳುತ್ತದೆ, ಒಳಗಿನ ಗೇರ್ ತಿಂದುಹೋಗುತ್ತದೆ.

ಬಾಕ್ಸ್ ಕೂರುವ ಷಾಸಿಯ ಭಾಗವನ್ನು ಬಟ್ಟೆಯಿಂದ ಒರೆಸಿ, ಬ್ಯಾಟರಿ ಬೆಳಕಿನಲ್ಲಿ ಬಿರುಕು ಹುಡುಕಿ. ದೊಡ್ಡ ಟೈರ್ ಹಾಕಿ ಬಂಡೆಗಳ ಮೇಲೆ ಆಡಿಸಿದ ಗಾಡಿಗಳಲ್ಲಿ ಬಿರುಕು ಬಿಡುವ ಜಾಗ ಇದು.

ಹಂತ 5: ಆಕ್ಸಲ್ ನಡುವಿನಲ್ಲಿದೆಯೇ?

ಜಿಮ್ನಿಯಲ್ಲಿ ಪ್ಯಾನ್‌ಹಾರ್ಡ್ ರಾಡ್‌ನ ಒಂದು ತುದಿ ಷಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ಮೇಲೆದ್ದಾಗ ರಾಡ್ ಹೆಚ್ಚು ಇಳಿಜಾರಾಗಿ, ಆಕ್ಸಲನ್ನು ಷಾಸಿಯ ತುದಿ ಇರುವ ಬದಿಗೆ ಎಳೆದುಕೊಳ್ಳುತ್ತದೆ. ಷಾಸಿಯ ಅಂಚಿನಿಂದ ಟೈರಿನ ಒಳಮೈವರೆಗೆ ಎರಡೂ ಬದಿ ಅಳೆಯಿರಿ. ಎಡಕ್ಕೆ 112 ಮಿಮೀ, ಬಲಕ್ಕೆ 100 ಮಿಮೀ ಬಂದರೆ ಆಕ್ಸಲ್ ಜರುಗಿರುವುದು ವ್ಯತ್ಯಾಸದ ಅರ್ಧ, ಅಂದರೆ 6 ಮಿಮೀ. ಹಿಂದಿನ ಆಕ್ಸಲನ್ನೂ ಅಳೆಯಿರಿ. ಎರಡೂ ಒಂದೇ ಬದಿಗೆ ಸಮನಾಗಿ ಜರುಗಿದ್ದರೆ ಓಡಾಟಕ್ಕೆ ಅಷ್ಟು ತೊಂದರೆಯಿಲ್ಲ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಜರುಗಿದ್ದರೆ ಮುಂದಿನ ಚಕ್ರದ ಹಾದಿಯೇ ಬೇರೆ, ಹಿಂದಿನದೇ ಬೇರೆ.

ಪರಿಹಾರ ಅಡ್ಜಸ್ಟೆಬಲ್ ಪ್ಯಾನ್‌ಹಾರ್ಡ್ ರಾಡ್. ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ, ಒಂದು ತುದಿ ಬಿಗಿಯದೆ, ತೂತು ತಾನಾಗಿ ಹೊಂದುವವರೆಗೆ ಉದ್ದ ಬದಲಿಸಿ. ಹಾರೆಯಿಂದ ಮೀಟಿ ಬೋಲ್ಟ್ ತೂರಿಸಿದರೆ ಬುಷ್ ಸದಾ ಎಳೆತದಲ್ಲಿರುತ್ತದೆ.

ಜಿಪ್ಸಿಯಲ್ಲಿ ಪ್ಯಾನ್‌ಹಾರ್ಡ್ ಇಲ್ಲ, ಲೀಫ್ ಸ್ಪ್ರಿಂಗೇ ಆಕ್ಸಲನ್ನು ಹಿಡಿದಿರುತ್ತದೆ. ಅಲ್ಲಿ ನೋಡಬೇಕಾದದ್ದು ಪ್ಲೇಟುಗಳ ಸೆಂಟರ್ ಬೋಲ್ಟ್. ಅದು ತುಂಡಾದರೆ ಆಕ್ಸಲ್ ಒಂದು ಬದಿ ಹಿಂದಕ್ಕೆ ಜರುಗುತ್ತದೆ. ಷಾಸಿಯ ಒಂದೇ ಬಗೆಯ ತೂತಿನಿಂದ ಆಕ್ಸಲ್‌ವರೆಗೆ ಎಡ, ಬಲ ಅಳೆದು ಹೋಲಿಸಿ. 5 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಬಿಚ್ಚಿ ನೋಡಲೇಬೇಕು.

ಹಂತ 6: ಕ್ಯಾಸ್ಟರ್

ಕಿಂಗ್‌ಪಿನ್‌ನ ಅಕ್ಷ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರಬೇಕು. ಈ ವಾಲಿಕೆಯೇ ಚಕ್ರವನ್ನು ನೇರಕ್ಕೆ ಎಳೆದು ತರುತ್ತದೆ. ಲಿಫ್ಟ್ ಮಾಡಿದಾಗ ರೇಡಿಯಸ್ ಆರ್ಮ್‌ಗಳು ಕೆಳಕ್ಕೆ ಬಾಗಿ, ಜೊತೆಗೆ ಆಕ್ಸಲನ್ನೂ ತಿರುಗಿಸಿ, ಕಿಂಗ್‌ಪಿನ್‌ನ ಮೇಲ್ತುದಿಯನ್ನು ಮುಂದಕ್ಕೆ ತರುತ್ತವೆ. ಎಷ್ಟು ಕಳೆಯಿತು ಎಂಬ ಅಂದಾಜಿಗೆ ಸುಲಭ ಲೆಕ್ಕವಿದೆ: ಲಿಫ್ಟ್‌ನ ಮಿಮೀಯನ್ನು, ಷಾಸಿಯ ಬುಷ್‌ನಿಂದ ಆಕ್ಸಲ್‌ನ ನಡುವಿನವರೆಗಿನ ಮಿಮೀಯಿಂದ ಭಾಗಿಸಿ, 57ರಿಂದ ಗುಣಿಸಿ. ಉದಾಹರಣೆಗೆ ಆರ್ಮ್‌ನ ಉದ್ದ 700 ಮಿಮೀ, ಲಿಫ್ಟ್ 50 ಮಿಮೀ ಆದರೆ ಸುಮಾರು 4 ಡಿಗ್ರಿ ಹೋಯಿತು. ಗಾಡಿಯ ಮೂಲ ಕ್ಯಾಸ್ಟರೇ 3 ಡಿಗ್ರಿ ಆಸುಪಾಸು ಇದ್ದರೆ ಉಳಿದದ್ದು ಸೊನ್ನೆಗಿಂತ ಕೆಳಗೆ. ಅಲೈನ್‌ಮೆಂಟ್ ಅಂಗಡಿಯಲ್ಲಿ "ಇದರಲ್ಲಿ ಕ್ಯಾಸ್ಟರ್ ಸೆಟ್ ಮಾಡಲು ಬರುವುದಿಲ್ಲ" ಎಂದು ಕೈಬಿಡುವುದು ಸರಿಯೇ. ಸಾಲಿಡ್ ಆಕ್ಸಲ್‌ನಲ್ಲಿ ಅದಕ್ಕೆ ಅಡ್ಜಸ್ಟರ್ ಇಲ್ಲ, ಬಿಡಿಭಾಗ ಬದಲಿಸಿಯೇ ತರಬೇಕು.

ಅಳೆಯಲು ಆ್ಯಂಗಲ್ ಗೇಜನ್ನು ನೆಲದ ಮೇಲೆ ಸೊನ್ನೆ ಮಾಡಿ, ಮೇಲಿನ ಕಿಂಗ್‌ಪಿನ್ ಮುಚ್ಚಳದ ಚಪ್ಪಟೆ ಮೈ ಮೇಲೆ ಗಾಡಿಯ ಉದ್ದಕ್ಕೆ ಇಡಿ. ಆ ಮೈ ಕಿಂಗ್‌ಪಿನ್‌ಗೆ ಲಂಬವಾಗಿರುವುದರಿಂದ ಅಲ್ಲಿ ಕಾಣುವ ಕೋನ ಕ್ಯಾಸ್ಟರ್‌ಗೆ ಬಹಳ ಹತ್ತಿರ ಇರುತ್ತದೆ. ಎಡ-ಬಲ ಎರಡೂ ಬರೆದಿಡಿ. ಲಿಫ್ಟ್‌ಗೆ ಮೊದಲೇ ಈ ಅಂಕಿ ಬರೆದಿಟ್ಟುಕೊಂಡವರ ಕೆಲಸ ಅರ್ಧ ಮುಗಿದಿರುತ್ತದೆ. ಕೊನೆಗೆ ಅಲೈನ್‌ಮೆಂಟ್ ಮೆಷಿನ್‌ನಲ್ಲಿ ಹೋಲಿಸಿ ನೋಡಿ.

ಜಿಮ್ನಿಗೆ ಮೂರು ದಾರಿಗಳಿವೆ: ಆರ್ಮ್‌ಗೆ ಆಫ್‌ಸೆಟ್ ಕ್ಯಾಸ್ಟರ್ ಬುಷ್ ಒತ್ತುವುದು, ಷಾಸಿ ಕಡೆ ಆರ್ಮ್ ಇಳಿಸುವ ಬ್ರ್ಯಾಕೆಟ್, ಅಥವಾ ಕೋನ ತಿದ್ದಿದ ಹೊಸ ಆರ್ಮ್. 40–50 ಮಿಮೀ ಲಿಫ್ಟ್‌ಗೆ ಬುಷ್ ಸಾಕಾಗುತ್ತದೆ. ಅದಕ್ಕೂ ಮೇಲೆ ಹೋದರೆ ಆರ್ಮ್ ಒಳ್ಳೆಯದು. ಬ್ರ್ಯಾಕೆಟ್ ಕಲ್ಲಿಗೆ ತಾಗುತ್ತದೆ. ಬುಷ್‌ನಲ್ಲಿ ಆಗುವ ದೊಡ್ಡ ತಪ್ಪು ಅದನ್ನು ತಿರುಗು-ಮುರುಗು ಒತ್ತುವುದು: 2 ಡಿಗ್ರಿ ಸೇರಬೇಕಾದಲ್ಲಿ 2 ಡಿಗ್ರಿ ಕಳೆಯುತ್ತದೆ. ಪ್ರೆಸ್‌ಗೆ ಇಡುವ ಮೊದಲು ಗುರುತಿನ ಗೆರೆ ಯಾವ ಕಡೆಗಿದೆ ಎಂದು ಫೋಟೋ ತೆಗೆದುಕೊಳ್ಳಿ, ಒತ್ತಿದ ಮೇಲೆ ಗೇಜ್ ಇಟ್ಟು ನೋಡಿ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ. ಗಾಡಿ ಗ್ಯಾರೇಜಿನ ಎತ್ತುವ ಯಂತ್ರದ ಮೇಲೆ, ಚಕ್ರ ತೂಗಾಡುತ್ತಿರುವಾಗಲೇ ಆರ್ಮ್, ಪ್ಯಾನ್‌ಹಾರ್ಡ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ, ಗಾಡಿ ಕೆಳಗಿಳಿದಾಗ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್‌ಗಳನ್ನು ಕೈಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಬಂಪರ್ ಹಿಡಿದು ನಾಲ್ಕೈದು ಸಲ ಕುಲುಕಿ, ಆಮೇಲೆ ಟಾರ್ಕ್ ಮಾಡಿ.

ಜಿಪ್ಸಿಗೆ ಉದ್ದ ಶ್ಯಾಕಲ್ ಹಾಕಿ ಎತ್ತಿದ್ದರೆ ಕ್ಯಾಸ್ಟರ್ ಕಡಿಮೆಯಾಗಿರುತ್ತದೆ, ಏಕೆಂದರೆ ಅದರ ಮುಂದಿನ ಶ್ಯಾಕಲ್ ಸ್ಪ್ರಿಂಗ್‌ನ ಮುಂತುದಿಯಲ್ಲಿದೆ. ಪರಿಹಾರ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಹಾಕುವ ಇಳಿಜಾರು ಶಿಮ್. ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ದಪ್ಪ ತುದಿ ಮುಂದಕ್ಕೆ. ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ತಂದಿದ್ದರೆ ದಪ್ಪ ತುದಿ ಹಿಂದಕ್ಕೆ. ಉಕ್ಕಿನ ಶಿಮ್ಮೇ ಹಾಕಿ, ಅಲ್ಯೂಮಿನಿಯಂ ಒಡೆಯುತ್ತದೆ. ಸೆಂಟರ್ ಬೋಲ್ಟ್‌ನ ತಲೆ ಶಿಮ್ ದಾಟಿ ತನ್ನ ತೂತಿನಲ್ಲಿ ಕೂರುವಷ್ಟು ಎತ್ತರವಿರಲಿ.

ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂಗು ಕೆಳಕ್ಕಿಳಿದು ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗುತ್ತದೆ. 4ಎಚ್‌ನಲ್ಲಿ ಹೊಸದಾಗಿ ಗುಂಯ್‌ಗುಟ್ಟುವ ಸದ್ದು ಬಂದರೆ ಒಂದು ಡಿಗ್ರಿ ಬಿಟ್ಟುಕೊಡಿ. ಮೂಲ ಅಂಕಿಗೆ ಹತ್ತಿರ ಬಂದರೆ ಸಾಕು, ಅದಕ್ಕಿಂತ ಹೆಚ್ಚಿಗೆ ಆಸೆ ಬೇಡ.

ಹಂತ 7: ಡ್ರ್ಯಾಗ್ ಲಿಂಕ್ ಮತ್ತು ಸ್ಟೀರಿಂಗ್ ಬಾಕ್ಸ್‌ನ ನಡು

ಸೊಟ್ಟಗಿರುವ ಸ್ಟೀರಿಂಗ್ ಚಕ್ರವನ್ನು ಬಿಚ್ಚಿ ನೆಟ್ಟಗೆ ಕೂರಿಸುವುದು ಪರಿಹಾರವಲ್ಲ. ಬಾಕ್ಸ್‌ನೊಳಗಿನ ಗೇರ್‌ಗಳು ನಡುವಿನಲ್ಲಿ ಮಾತ್ರ ಬಿಗಿಯಾಗಿ ಕೂಡುತ್ತವೆ, ಪಕ್ಕದಲ್ಲಿ ಸಡಿಲ. ಬಾಕ್ಸ್ ನಡು ತಪ್ಪಿದ ಗಾಡಿ ನೇರ ಹೋಗುವಾಗಲೂ ಸಡಿಲ ಭಾಗದಲ್ಲೇ ಇರುತ್ತದೆ. ಜಿಮ್ನಿಯಲ್ಲಿ ಇಎಸ್‌ಪಿಯ (ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ಸೆನ್ಸರ್ ಬೇರೆ ಇದೆ. ನೇರ ಹೋಗುತ್ತಿದ್ದರೂ ಸ್ಟೀರಿಂಗ್ ತಿರುಗಿದೆ ಎಂದು ತಿಳಿದು ದೀಪ ಹಚ್ಚಬಹುದು, ಬೇಡದ ಕಡೆ ಬ್ರೇಕ್ ಹಿಡಿಯಬಹುದು.

ಡ್ರ್ಯಾಗ್ ಲಿಂಕ್ ಕಳಚಿ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಣಿಸುತ್ತಾ ನಿಧಾನವಾಗಿ ತಿರುಗಿಸಿ, ಅರ್ಧಕ್ಕೆ ತನ್ನಿ. ಅದೇ ನಡು. ಜಿಮ್ನಿಯಲ್ಲಿ ಏರ್‌ಬ್ಯಾಗ್‌ನ ಸುರುಳಿ ಕೇಬಲ್ ಇರುವುದರಿಂದ, ಕಾಲಂ ಅನ್ನು ಬಾಕ್ಸ್‌ನಿಂದ ಬೇರ್ಪಡಿಸಿ ಸ್ಟೀರಿಂಗ್ ತಿರುಗಿಸಬೇಡಿ, ಕೇಬಲ್ ತುಂಡಾಗುತ್ತದೆ.

ಮುಂದಿನ ಚಕ್ರಗಳನ್ನು ನೇರಕ್ಕೆ ತರಲು ಹಿಂದಿನ ಟೈರಿನ ಮೈಗೆ ತಾಗುವಂತೆ ನಡು ಎತ್ತರದಲ್ಲಿ ದಾರ ಎಳೆಯಿರಿ. ಕಂಪನಿ ರಿಮ್ ಇರುವ ಜಿಮ್ನಿಯ ಮುಂದಿನ ಟ್ರ್ಯಾಕ್ 1395, ಹಿಂದಿನದು 1405 ಮಿಮೀ. ಹಾಗಾಗಿ ದಾರಕ್ಕೂ ಮುಂದಿನ ಟೈರಿಗೂ ಎರಡೂ ಬದಿ ಸುಮಾರು 5 ಮಿಮೀ ಸಂದು ಉಳಿಯಬೇಕು. ಈಗ ಡ್ರ್ಯಾಗ್ ಲಿಂಕ್‌ನ ಸ್ಲೀವ್ ತಿರುಗಿಸಿ, ಅದರ ತುದಿ ತಾನಾಗಿ ತೂತಿಗೆ ಇಳಿಯುವಷ್ಟು ಉದ್ದ ಹೊಂದಿಸಿ. ಎರಡೂ ಕಡೆ ಥ್ರೆಡ್ ಒಳಗೆ ಸಾಕಷ್ಟು ಉಳಿದಿರಬೇಕು. ರಾಡ್‌ನ ದಪ್ಪದ ಒಂದೂವರೆ ಪಟ್ಟಿಗಿಂತ ಕಡಿಮೆ ಉಳಿದರೆ ಉದ್ದದ ಲಿಂಕ್ ತನ್ನಿ. ಕ್ಯಾಸಲ್ ನಟ್‌ನ ಕಿಂಡಿ ಸ್ಪ್ಲಿಟ್ ಪಿನ್‌ಗೆ ಹೊಂದದಿದ್ದರೆ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಹಳೆಯ ಪಿನ್ ಮತ್ತೆ ಹಾಕಬೇಡಿ.

ಹಂತ 8: ಬಂಪ್ ಸ್ಟಿಯರ್

ಎಂಜಿನ್ ಬಂದ್, ಸ್ಟೀರಿಂಗ್ ಲಾಕ್ ಬಿಚ್ಚಿರಲಿ. ಇಬ್ಬರು ಮುಂದಿನ ಬಂಪರ್ ಮೇಲೆ ನಿಂತು ಕುಲುಕಲಿ. ಸ್ಟೀರಿಂಗ್ ಚಕ್ರ ಅತ್ತಿತ್ತ ಆಡಿದರೆ ಬಂಪ್ ಸ್ಟಿಯರ್ ಇದೆ.

ಜಿಮ್ನಿಯಲ್ಲಿ ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ರಾಡ್‌ನ ಬಾಗು ನೋಡಿ ಮೋಸಹೋಗಬೇಡಿ. ತುದಿಯ ಕೀಲಿನ ನಡುವಿನಿಂದ ಇನ್ನೊಂದು ತುದಿಯ ಕೀಲಿನ ನಡುವಿಗೆ ದಾರ ಹಿಡಿದು ಕೋನ ಅಳೆಯಿರಿ. ಒಂದನ್ನು ಮಾತ್ರ ತಿದ್ದಿದರೆ ಕೆಡುತ್ತದೆ. ತುದಿ ಕೆಳಕ್ಕಿಳಿದ ಪಿಟ್‌ಮನ್ ಆರ್ಮ್ ಹಾಕಿ ಡ್ರ್ಯಾಗ್ ಲಿಂಕ್ ಸಪಾಟು ಮಾಡಿ, ಪ್ಯಾನ್‌ಹಾರ್ಡ್ ಹಾಗೇ ಬಿಟ್ಟವರ ಗಾಡಿ ಮೊದಲಿಗಿಂತ ಹೆಚ್ಚು ಜಗ್ಗುತ್ತದೆ.

ಜಿಪ್ಸಿಯಲ್ಲಿ ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ತಂದಾಗ ಡ್ರ್ಯಾಗ್ ಲಿಂಕ್ ಬಹಳ ಕಡಿದಾಗುತ್ತದೆ. ಆಗ ಲಿಂಕ್‌ನ ಕೋನ ತಗ್ಗಿಸುವ ಸರಿಯಾದ ಬಿಡಿಭಾಗ ಬೇಕೇ ಬೇಕು. ಲಿಂಕನ್ನೋ ನಕಲ್ ಆರ್ಮನ್ನೋ ಗ್ಯಾಸ್‌ನಿಂದ ಕಾಯಿಸಿ ಬಗ್ಗಿಸುವುದಕ್ಕೆ, ತುಂಡು ಮಾಡಿ ಬೆಸೆಯುವುದಕ್ಕೆ ಯಾರೇ ಹೇಳಿದರೂ ಒಪ್ಪಬೇಡಿ. ಬೆಸುಗೆ ಬಿಟ್ಟುಹೋಗುವುದು ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಆದರೆ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ, ಚಕ್ರದ ಮೇಲೆ ಹಿಡಿತ ಇರುವುದಿಲ್ಲ.

ಕಾನೂನಿನ ಮಾತೂ ಇಲ್ಲೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶವಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಇದನ್ನೇ. ಎತ್ತರ ಕಡಿಮೆ ಮಾಡುವುದೂ ಒಂದು ಪರಿಹಾರವೇ. 100 ಮಿಮೀಯಿಂದ 40 ಮಿಮೀಗೆ ಇಳಿಸಿದರೆ ಮೇಲಿನ ಅರ್ಧ ಕೆಲಸ ಬೇಕಾಗುವುದೇ ಇಲ್ಲ.

ಹಂತ 9: ಟೋ, ಆಮೇಲೆ ಡ್ಯಾಂಪರ್

ಚಕ್ರ ಎತ್ತಿ ತಿರುಗಿಸುತ್ತಾ ಎರಡೂ ಟೈರಿನ ನಡುವೆ ಸೀಮೆಸುಣ್ಣದಿಂದ ತೆಳು ಗೆರೆ ಎಳೆಯಿರಿ. ಗಾಡಿ ಕೆಳಗಿಳಿಸಿ ಎರಡು ಮೀಟರ್ ಮುಂದಕ್ಕೆ ತಳ್ಳಿ. ಟೈರಿನ ಹಿಂಬದಿಯಲ್ಲಿ, ಹಬ್‌ನ ಎತ್ತರದಲ್ಲಿ, ಗೆರೆಯಿಂದ ಗೆರೆಗೆ ಅಳೆದು ಆ ಜಾಗಕ್ಕೆ ಗುರುತು ಹಾಕಿ. ಗುರುತು ಮುಂದೆ ಬರುವಷ್ಟು ಗಾಡಿ ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ 1ರಿಂದ 3 ಮಿಮೀ ಕಡಿಮೆ ಇದ್ದರೆ ಸಾಮಾನ್ಯವಾಗಿ ಸರಿ. ಮ್ಯಾನುಯಲ್‌ನ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಮುಂದೆ ಹೆಚ್ಚಿದ್ದರೆ, ಅಂದರೆ ಟೋ-ಔಟ್ ಆಗಿದ್ದರೆ, ಗಾಡಿ ಅಲೆಯುತ್ತದೆ. ಟೈರಾಡ್ ತಿರುಗಿಸಿ ತಿದ್ದಿ, ಲಾಕ್‌ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಬದಲಾಗುವುದುಂಟು.

ಹಳೆಯ ಡ್ಯಾಂಪರ್ ಕಳಚಿ ಕೈಯಿಂದ ಎಳೆದು ಒತ್ತಿ ನೋಡಿ. ಎರಡೂ ದಿಕ್ಕಿಗೆ ಒಂದೇ ತೆರನ ತಡೆ ಇರಬೇಕು, ಎಣ್ಣೆ ಸೋರಿರಬಾರದು. ಹೊಸದು ಹಾಕುವುದಾದರೆ ಈಗ ಹಾಕಿ. ಡ್ಯಾಂಪರ್ ಇಲ್ಲದೆಯೂ ನಿಧಾನ ವೇಗದಲ್ಲಿ ಗಾಡಿ ಶಾಂತವಾಗಿರಬೇಕು. ಹಾಗಿಲ್ಲದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.

ಗಾಡಿ ನಿಲ್ಲಿಸಲೇಬೇಕಾದ ಲಕ್ಷಣಗಳು

ಷಾಸಿಯಲ್ಲಿ ಅಥವಾ ಬ್ರ್ಯಾಕೆಟ್‌ನಲ್ಲಿ ಬಿರುಕು, ಸ್ಪ್ಲಿಟ್ ಪಿನ್ ಇಲ್ಲದ ನಟ್, ತಿರುಗಿಸುವಾಗ ಒಂದೇ ಜಾಗದಲ್ಲಿ ಕಟ್ ಎನ್ನುವ ಸದ್ದು, ದಿನದಿಂದ ದಿನಕ್ಕೆ ಹೆಚ್ಚುವ ಪ್ಲೇ, ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್‌ಗೆ ಟೈರ್ ತಾಗುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಗಾಡಿಯನ್ನು ಟ್ರಕ್ ಮೇಲೆ ಹೇರಿಕೊಂಡು ಗ್ಯಾರೇಜಿಗೆ ಒಯ್ಯಿರಿ.

ಓಡುತ್ತಿರುವಾಗ ಗಡಗಡ ಶುರುವಾದರೆ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ಜೊತೆ ಗುದ್ದಾಡಬೇಡಿ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಹೆಬ್ಬೆರಳುಗಳನ್ನು ಕಡ್ಡಿಗಳ ಹೊರಗಿಟ್ಟು, ಆಕ್ಸಿಲರೇಟರ್ ಬಿಡಿ. ವೇಗ ಇಳಿದಾಗ ನಿಲ್ಲುತ್ತದೆ; ಆಗ ಬದಿಗೆ ತನ್ನಿ.

ಹಂತ 10: ಓಡಿಸಿ ನೋಡುವುದು, ಮತ್ತೆ ಬಿಗಿಯುವುದು

ಖಾಲಿ ರಸ್ತೆಯಲ್ಲಿ ಮೊದಲು 30, ಆಮೇಲೆ 50, ಆಮೇಲೆ 70. ಪ್ರತಿ ವೇಗದಲ್ಲೂ ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲಿಸಿ ಗಾಡಿ ಎತ್ತ ಹೋಗುತ್ತದೆ ನೋಡಿ, ಕೈ ಪೂರ್ತಿ ಬಿಡಬೇಡಿ. ರಸ್ತೆಯ ಮಧ್ಯ ಉಬ್ಬಿ ಅಂಚು ಇಳಿಜಾರಾಗಿರುವ ಕಡೆ ಸ್ವಲ್ಪ ಎಡಕ್ಕೆ ಜಾರುವುದು ದೋಷವಲ್ಲ.

ವಾಪಸ್ ಬಂದ ಮೇಲೆ ಬಿಗಿದ ಪ್ರತಿ ಬೋಲ್ಟ್‌ಗೂ ನಟ್‌ನಿಂದ ಲೋಹಕ್ಕೆ ದಾಟುವಂತೆ ಪೇಂಟ್ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ. ಮೊದಲ 100 ಕಿಮೀಗೆ ವೀಲ್ ನಟ್, ಯು-ಬೋಲ್ಟ್, ಪ್ಯಾನ್‌ಹಾರ್ಡ್, ರೇಡಿಯಸ್ ಆರ್ಮ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ, 500 ಕಿಮೀಗೆ ಇನ್ನೊಮ್ಮೆ. ಹೊಸ ಲೀಫ್ ಸ್ಪ್ರಿಂಗ್ ಹಾಕಿದ್ದರೆ ಪ್ಲೇಟುಗಳು ಕೂತುಕೊಂಡು ಯು-ಬೋಲ್ಟ್ ಖಂಡಿತ ಸಡಿಲವಾಗಿರುತ್ತದೆ. ಅದಾದ ಮೇಲೆ ಪ್ರತಿ ಆಫ್‌ರೋಡ್ ಪ್ರಯಾಣದ ಮರುದಿನ ಗಾಡಿ ತೊಳೆದು, ಈ ಗೆರೆಗಳ ಮೇಲೆ ಬ್ಯಾಟರಿ ಬೆಳಕು ಹಾಯಿಸಲು ಹತ್ತು ನಿಮಿಷ ಸಾಕು.